ಅಕ್ಕಿ ಎಳೆಯುವ ಚೊಂಬು ಮತ್ತು ನಮ್ಮ ಎಚ್ಚೆನ್ ಮೇಷ್ಟ್ರು

ಇಲ್ಲಿ ಬರೆದು ತುಂಬಾ ದಿನವಾಯಿತು, ಕ್ಷಮೆಯಿರಲಿ. ಮಾರ್ಚ್ ಕ್ಲೋಸಿಂಗು, ಅದು ಮುಗಿಯುತ್ತಿದ್ದಂತೆ ಆಡಿಟ್ಟು, ಅದರ ಹಿಂದೆಯೇ ಮನೆಯಲ್ಲೊಂದು ರಾದ್ಧಾಂತ. ಇವತ್ತು ಬರೆಯುತ್ತಿರುವುದು ಆ ರಾದ್ಧಾಂತದ ವಿಷಯವನ್ನೇ. ಮನೆಯಾಕೆಯನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರೀರಿ, ಇನ್ನೊಬ್ರ ಮನೆಯಾದ್ರೂ ಉಳೀಲಿ. ಆದ್ರೆ ಅವನ ಹೆಸ್ರು ಹಾಕ್ಬೇಡಿ" ಅಂದಳು. ಹಾಕುವುದಿಲ್ಲ.

2024ರ ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ನನ್ನ ಭಾಮೈದ ಪೋರೂರಿನ ನಮ್ಮ ಮನೆಗೆ ಬಂದ. ಅವನು ಬಿಇ ಮೆಕ್ಯಾನಿಕಲ್. ಶ್ರೀಪೆರಂಬುದೂರಿನ ಕಡೆ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದಾನೆ. ಕೂದಲೆಳೆಯಷ್ಟು ಅಳತೆ ತಪ್ಪಿದರೂ ಮಾಲನ್ನು ವಾಪಸ್ ಕಳಿಸುವುದು ಅವನ ಕೆಲಸ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಇಡ್ಲಿ ತಿಂದು ಕಾಫಿ ಕುಡಿದ ಮೇಲೆ ಬಾಲ್ಕನಿಗೆ ಕರೆದು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಒಂದು ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ಅಕ್ಕಿಕಾಳು, ಮಧ್ಯೆ ಕಿಲುಬು ಹಿಡಿದ ಹಳೇ ತಾಮ್ರದ ಚೊಂಬು. ಕಾಳುಗಳು ನಿಧಾನಕ್ಕೆ ತೆವಳುತ್ತಾ ಹೋಗಿ ಚೊಂಬಿಗೆ ಅಂಟಿಕೊಳ್ಳುತ್ತವೆ.

"ಭಾವ, ಅಕ್ಕಿ ಎಳೀತದೆ ನೋಡಿ. ಹಳೇ ದೇವಸ್ಥಾನದ್ದಂತೆ, ಸಿಡಿಲು ಹೊಡ್ದು ಹೊಡ್ದು ಒಳಗಿನ ತಾಮ್ರ ಇರಿಡಿಯಂ ಆಗ್ಬಿಟ್ಟಿದೆ. ಸ್ಯಾಟಲೈಟಿಗೆ ಬೇಕು ಅಂತ ಬಾಹ್ಯಾಕಾಶದವ್ರು ತಗೋತಾರೆ. ಲ್ಯಾಬ್ ರಿಪೋರ್ಟ್ ಕೂಡ ಐತೆ."

ರಿಪೋರ್ಟೂ ತೋರಿಸಿದ. ಮೇಲೆ ಅಶೋಕಸ್ತಂಭ, ಕೆಳಗೆ ವಿಜ್ಞಾನಿಯ ಸಹಿ, ಮೊಹರು, ಮಧ್ಯೆ ನನಗೆ ಅರ್ಥವಾಗದ ಅಂಕಿಗಳು. ಒಬ್ಬೊಬ್ಬ ಪಾಲುದಾರ ಮೂರು ಲಕ್ಷ ಹಾಕಿದರೆ ಟೆಸ್ಟಿಂಗ್ ಫೀಸು ಕಟ್ಟಬಹುದಂತೆ, ಆಮೇಲೆ ಕೋಟಿಗಳ ಲೆಕ್ಕವಂತೆ.

ನಾನು ನಕ್ಕೆ. ಬೈದೆ ಕೂಡ. ಆದರೆ ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನೇ ಕಂಪ್ಯೂಟರ್ ಮುಂದೆ ಕೂತು ಇರಿಡಿಯಂ ರೇಟು ಎಷ್ಟು ಅಂತ ಹುಡುಕಿದೆ! ಚಿನ್ನಕ್ಕಿಂತ ದುಬಾರಿಯಾಗಿದ್ದ ವರ್ಷಗಳೂ ಉಂಟು ಅಂತ ಗೊತ್ತಾಯಿತು. ಮೂರು ದಿನ ತಲೆಯಲ್ಲಿ ಅದೇ ಓಡಿತು. ನಾಲ್ಕನೆಯ ದಿನ ಒಂದು ಎಫ್‌ಡಿ ಮುರಿದು ಎರಡು ಲಕ್ಷ ಕೊಟ್ಟೆ. ಕಷ್ಟದಲ್ಲಿದ್ದಾನೆ, ಕೈಸಾಲ ಅಂದುಕೊಳ್ಳೋಣ ಅಂತ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಮೂವತ್ತು ವರ್ಷದಿಂದ ಸಾಲದ ಅರ್ಜಿ ನೋಡುತ್ತಿರುವವನು ನಾನು. ಆಧಾರ್, ಪ್ಯಾನ್, ಸಂಬಳದ ಚೀಟಿ, ಜಾಮೀನು ಇಲ್ಲದೆ ಹತ್ತು ಸಾವಿರಕ್ಕೂ ಸಹಿ ಹಾಕದವನು ಒಂದು ಚೊಂಬಿಗೆ ಎರಡು ಲಕ್ಷ ಕೊಟ್ಟೆ.

ಮುಂದಿನದನ್ನು ನೀವೇ ಊಹಿಸಿರುತ್ತೀರಿ. ಕನ್ನಡದಲ್ಲಿ ಚೊಂಬು ಕೊಟ್ಟರು ಅಂದರೆ ಏನರ್ಥ ಅಂತ ನಿಮಗೆ ಹೇಳಬೇಕಾಗಿಲ್ಲ. ಅವನದು ಒಟ್ಟು ಹದಿನಾಲ್ಕು ಲಕ್ಷ ಹೋಯಿತು. ಅದರಲ್ಲಿ ಅವನ ಹೆಂಡತಿಯ ಮೈಮೇಲಿನ ಒಡವೆ ಇತ್ತು, ನಮ್ಮ ಮಾವನವರು ಪಾಂಡವಪುರದ ಕಡೆ ಉಳಿಸಿಟ್ಟಿದ್ದ ಇಪ್ಪತ್ತು ಗುಂಟೆ ಗದ್ದೆಯ ಅಡವಿನ ಹಣವೂ ಇತ್ತು.

ಇಡೀ ಮನೆಯಲ್ಲಿ ಸರಿಯಾದ ಪ್ರಶ್ನೆ ಕೇಳಿದವರು ಒಬ್ಬರೇ. ನಮ್ಮ ಅತ್ತೆ, ನಾಲ್ಕನೇ ಕ್ಲಾಸು. "ಅಷ್ಟ್ ಕೋಟಿ ಬರಂಗಿದ್ರೆ ಅವ್ನಿಗ್ಯಾಕಪ್ಪ ನಮ್ ಮೂರ್ ಲಕ್ಸ?" ಅಂದರು. ಬ್ಯಾಂಕಿನಲ್ಲಿ ನಾವು ಇದಕ್ಕೆ ಕ್ರೆಡಿಟ್ ಅಪ್ರೈಸಲ್ ಅಂತ ದೊಡ್ಡ ಹೆಸರಿಟ್ಟು ತರಬೇತಿಗೆ ಕಳಿಸುತ್ತೇವೆ. ಅತ್ತೆಯ ಮಾತಿಗೆ ಬಿಇ ಆಗಲಿ ಬಿಕಾಂ ಆಗಲಿ ಉತ್ತರ ಕೊಡಲಿಲ್ಲ. ಸುಮ್ಮನಿರಿಸಿದೆವು.

ಈಗ ನನ್ನ ಜಗಳಕ್ಕೆ ಬರುತ್ತೇನೆ. ಈ ಕಥೆ ಹೇಳಿದಾಗ ನಮ್ಮ ಅಪಾರ್ಟ್‌ಮೆಂಟಿನ ವಾಕಿಂಗ್ ಗೆಳೆಯರು ಎರಡು ಪಕ್ಷವಾದರು. ಒಂದು ಪಕ್ಷದವರು, "ಓದಿಲ್ಲದ ಜನ ಸ್ವಾಮೀ, ವಿದ್ಯೆ ಬಂದರೆ ಎಲ್ಲಾ ಸರಿಹೋಗುತ್ತದೆ" ಅಂದರು. ಅವನು ಇಂಜಿನಿಯರು ಅಂದೆ, ಸುಮ್ಮನಾದರು. ಇನ್ನೊಂದು ಪಕ್ಷದ ಹಿರಿಯರೊಬ್ಬರು, ನಿವೃತ್ತ ಪ್ರೊಫೆಸರು, "ಚೊಂಬು ಮೋಸ ಇರಬಹುದು, ಆದರೆ ವಿಜ್ಞಾನಕ್ಕೆ ಗೊತ್ತಿಲ್ಲದ್ದು ಎಷ್ಟೋ ಇದೆ, ಪೂರ್ತಿ ತಳ್ಳಿಹಾಕಬಾರದು" ಅಂದರು. ಈ ಎರಡನೆಯ ಮಾತು ನನಗೆ ಮೊದಲನೆಯದಕ್ಕಿಂತ ಅಪಾಯಕಾರಿ ಅನ್ನಿಸುತ್ತದೆ. ಎಷ್ಟು ಮರ್ಯಾದೆಯ ಮಾತು ನೋಡಿ! ಇದನ್ನು ಹೇಳಿದವರು ಯಾರೂ ಪೆದ್ದರಂತೆ ಕಾಣುವುದಿಲ್ಲ.

ವಿಜ್ಞಾನಕ್ಕೆ ಗೊತ್ತಿಲ್ಲದ್ದು ಇದೆ, ಒಪ್ಪಿದೆ. ನನ್ನ ಕೌಂಟರಿಗೆ ಬರುವವನ ನಿಜವಾದ ಆದಾಯವೂ ನನಗೆ ಗೊತ್ತಿರುವುದಿಲ್ಲ. "ಸಾರ್, ನನ್ನ ಆದಾಯ ನಿಮಗೆ ಗೊತ್ತಿಲ್ಲ ತಾನೇ? ಹಾಗಾದರೆ ಅದು ವರ್ಷಕ್ಕೆ ಹತ್ತು ಕೋಟಿ ಇರಬಹುದು, ಸಾಲ ಕೊಡಿ" ಅಂತ ಅವನು ಅಂದರೆ ಕೊಡಲಾಗುತ್ತದೆಯೇ? ಗೊತ್ತಿಲ್ಲ ಅನ್ನುವುದು ಸೆಕ್ಯೂರಿಟಿ ಅಲ್ಲ. ಗೊತ್ತಿಲ್ಲದ ಜಾಗವನ್ನು ಖಾಲಿ ಬಿಡಬೇಕು. ಮಂತ್ರವಾದಿ ಅಲ್ಲಿ ತನ್ನ ಅಂಗಡಿ ತೆರೆದು, ಬಾಡಿಗೆ ರಸೀದಿಯನ್ನು ವಿಜ್ಞಾನದ ಹೆಸರಿನಲ್ಲಿ ಬರೆಸಿಕೊಳ್ಳುತ್ತಾನೆ.

ಇನ್ನು ಇರಿಡಿಯಂ ವಿಷಯದಲ್ಲಿ ಗೊತ್ತಿಲ್ಲದ್ದು ಏನೂ ಇಲ್ಲವಲ್ಲ. ಹಣ ಹೋದ ಮೇಲೆ ಬಂದ ಬುದ್ಧಿ, ಆದರೂ ಓದಿದೆ. 1803ರಲ್ಲಿ ಸ್ಮಿತ್ಸನ್ ಟೆನಂಟ್ ಎಂಬ ಇಂಗ್ಲಿಷ್ ರಸಾಯನಶಾಸ್ತ್ರಜ್ಞ ಕಂಡುಹಿಡಿದ ಲೋಹ ಇದು. ಪರಮಾಣು ಸಂಖ್ಯೆ 77. ನೀರಿಗಿಂತ ಇಪ್ಪತ್ತೆರಡು ಪಟ್ಟಿಗೂ ಹೆಚ್ಚು ಭಾರ. ಸುಲಭಕ್ಕೆ ಕರಗುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಅದಕ್ಕೇ ಸ್ಪಾರ್ಕ್ ಪ್ಲಗ್ಗಿನ ತುದಿಗೆ, ತೀರಾ ಬಿಸಿ ತಡೆಯಬೇಕಾದ ಮೂಸೆಗೆ ಬಳಸುತ್ತಾರೆ. ಪ್ಯಾರಿಸ್ಸಿನ ಹತ್ತಿರ ಕಾಪಿಟ್ಟಿರುವ, 2019ರವರೆಗೆ ಇಡೀ ಜಗತ್ತಿನ ಕಿಲೋಗ್ರಾಂಗೆ ಆಧಾರವಾಗಿದ್ದ ತೂಕದ ಬೊಟ್ಟು ಕೂಡ ನೂರಕ್ಕೆ ತೊಂಬತ್ತು ಭಾಗ ಪ್ಲಾಟಿನಂ, ಹತ್ತು ಭಾಗ ಇರಿಡಿಯಂ. ಇಷ್ಟೆಲ್ಲಾ ಗೌರವದ ಲೋಹ, ಆದರೆ ಒಂದು ಅಕ್ಕಿಕಾಳನ್ನೂ ಎಳೆಯುವುದಿಲ್ಲ. ಕಬ್ಬಿಣವನ್ನು ಕೂಡ ಎಳೆಯುವುದಿಲ್ಲ. ಸಿಡಿಲು ಹೊಡೆದರೆ ತಾಮ್ರ ಕರಗಬಹುದು, ಇರಿಡಿಯಂ ಆಗುವುದಿಲ್ಲ.

ಮತ್ತೆ ವಿಡಿಯೋದಲ್ಲಿ ಎಳೆದದ್ದು? ನನ್ನ ಟೇಬಲ್ಲಿನ ಮೇಲೆ ಗುಂಡುಸೂಜಿ, ಕ್ಲಿಪ್ಪು ಇಡುವ ಮ್ಯಾಗ್ನೆಟ್ ಡಬ್ಬಿ ಇದೆ, ಎಲ್ಲಾ ಬ್ಯಾಂಕಿನಲ್ಲೂ ಇರುತ್ತದೆ. ಅದೇ ಕೆಲಸ. ಚೊಂಬಿನೊಳಗೆ ಅಯಸ್ಕಾಂತ, ಅಕ್ಕಿಗೆ ಕಬ್ಬಿಣದ ಸಣ್ಣ ಪುಡಿ ಹತ್ತಿಸಿರುತ್ತಾರೆ. ಹಿಡಿಯುವ ಪರೀಕ್ಷೆ ಒಂದೇ: ಅಕ್ಕಿ ಬದಲಾಯಿಸಿ. ಅವರ ಅಕ್ಕಿ ಬೇಡ, ನಮ್ಮನೆ ಡಬ್ಬದ ಅಕ್ಕಿ ಹಾಕಿ. ಒಂದು ಹಿಡಿ ಸೋನಾ ಮಸೂರಿಯಲ್ಲಿ ಹದಿನಾಲ್ಕು ಲಕ್ಷ ಉಳಿಯುತ್ತಿತ್ತು. ಕಾರ್ಖಾನೆಯಲ್ಲಿ ದಿನಾ ಸ್ಯಾಂಪಲ್ ಬದಲಾಯಿಸಿ ಪರೀಕ್ಷೆ ಮಾಡುವ ನಮ್ಮ ಹುಡುಗನಿಗೆ ಇದು ಹೊಳೆಯಲಿಲ್ಲ. "ಕೇಳ್ಬೇಕು ಅನ್ನಿಸ್ತು ಭಾವ, ಅವ್ರು ಬೇಜಾರ್ ಮಾಡ್ಕೊಂಡ್ರೆ ಅಂತ ಸುಮ್ಕಾದೆ" ಅಂತ ಆಮೇಲೆ ಹೇಳಿದ.

ಈ ವಾಕ್ಯವನ್ನು ನಾನು ಎಷ್ಟು ದಿನ ತಿರುವಿಹಾಕಿದ್ದೇನೋ. ಇಲ್ಲಿ ವಿಜ್ಞಾನ ಗೊತ್ತಿರಲಿಲ್ಲ ಅನ್ನುವಂತಿಲ್ಲ. ಪರೀಕ್ಷೆ ಮಾಡುವುದು ಅಂದರೆ ಅವಮಾನ ಮಾಡಿದ ಹಾಗೆ ಅಂತ ನಮ್ಮೊಳಗೆ ಕೂತುಬಿಟ್ಟಿದೆ. ಹಿರಿಯರನ್ನು, ಸ್ವಾಮಿಗಳನ್ನು, ಕೋಟು ಹಾಕಿದವರನ್ನು ಪರೀಕ್ಷೆ ಮಾಡಬಾರದು. ಅದೇ ಬ್ಯಾಂಕಿನಲ್ಲಿ ನೋಡಿ, ಇನ್‌ಸ್ಪೆಕ್ಟರು ಹೇಳದೆ ಕೇಳದೆ ಬೆಳಿಗ್ಗೆ ಬಂದು "ಕ್ಯಾಶ್ ಎಣಿಸಿ" ಅನ್ನುತ್ತಾರೆ. ಇಪ್ಪತ್ತೈದು ವರ್ಷ ಸರ್ವೀಸು ಮಾಡಿದ ಕ್ಯಾಷಿಯರ್ ಕೂಡ ಬೇಜಾರು ಮಾಡಿಕೊಳ್ಳದೆ ಎಣಿಸಿ ತೋರಿಸುತ್ತಾನೆ. "ನನ್ನನ್ನು ಅನುಮಾನಿಸುತ್ತೀರಾ?" ಅಂತ ಯಾರಾದರೂ ಗಲಾಟೆ ಮಾಡಿದ ದಿನ ನಾವು ಎರಡು ಸಲ ಎಣಿಸುತ್ತೇವೆ.

ಎಚ್. ನರಸಿಂಹಯ್ಯನವರು, ನಮ್ಮೆಲ್ಲರ ಎಚ್ಚೆನ್ ಮೇಷ್ಟ್ರು, 1976ರಲ್ಲಿ ಮಾಡಿದ್ದು ಇದನ್ನೇ. ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ, ಸ್ವಲ್ಪ ಹೇಳುತ್ತೇನೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು, ಬಡವರ ಮನೆಯ ಹುಡುಗ. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲಿಗೆ ಹೋದವರು. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ, ವಾಪಸ್ ಬಂದು ಬಸವನಗುಡಿ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ ಖಾದಿ ಜುಬ್ಬ ಪಂಚೆಯಲ್ಲಿ ಬದುಕಿದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. 1972ರಿಂದ 77ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಆ ಕುರ್ಚಿಯಲ್ಲಿ ಕೂತೇ ಪವಾಡಗಳನ್ನೂ ಪರೀಕ್ಷಿಸಲಾಗುವ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಒಂದು ಸಮಿತಿ ರಚಿಸಿದರು. ಪುಟ್ಟಪರ್ತಿಯ ಸಾಯಿಬಾಬಾ ಅವರಿಗೆ ಪತ್ರ ಬರೆದು, ನಮ್ಮ ಮುಂದೆ ನಾವು ಹೇಳುವ ನಿಬಂಧನೆಯಲ್ಲಿ ಪವಾಡ ಮಾಡಿ ತೋರಿಸಿ ಅಂತ ಕೇಳಿದರು. ಉತ್ತರ ಬರಲಿಲ್ಲ. ಮತ್ತೆ ಬರೆದರು, ಮತ್ತೆ ಬರೆದರು. ಉಂಗುರ, ವಿಭೂತಿ ಬೇಡ, ತೋಳಿನೊಳಗೆ ಅಡಗಿಸಲಾಗದ ಒಂದು ಕುಂಬಳಕಾಯಿ ಸೃಷ್ಟಿಸಲಿ ಅನ್ನುವ ಮಾತು ಆಗ ಬೆಂಗಳೂರಿನ ಬಾಯಲ್ಲೆಲ್ಲಾ ಇತ್ತಂತೆ. ಕುಂಬಳಕಾಯಿ ತಮಾಷೆಯ ಮಾತು ಅಂತ ನಗುತ್ತೇವೆ. ಆದರೆ ಅದು ಅಕ್ಕಿ ಬದಲಾಯಿಸುವ ಪರೀಕ್ಷೆಯೇ ಅಲ್ಲವೇ? ವಸ್ತುವನ್ನು ತೋರಿಸುವವನು ಆರಿಸಬಾರದು, ನೋಡುವವನು ಆರಿಸಬೇಕು.

ಇಲ್ಲಿ ನನ್ನದೊಂದು ಹಳೆಯ ನೆನಪಿದೆ. ನಾನು ಹುಟ್ಟಿದ್ದು 1968ರಲ್ಲಿ, ಪಾಂಡವಪುರಕ್ಕೆ ಹತ್ತಿರದ ಒಂದು ಹಳ್ಳಿಯಲ್ಲಿ. ಆ ಕಾಲಕ್ಕೆ ಪಾಂಡವಪುರದಲ್ಲಿ ಒಬ್ಬ ಏಳು ವರ್ಷದ ಹುಡುಗ ಬರಿಗೈಯಿಂದ ವಿಭೂತಿ ಕೊಡುತ್ತಾನೆ ಅಂತ ಜನ ಜಾತ್ರೆಯ ಹಾಗೆ ಹೋಗುತ್ತಿದ್ದರು. ನಮ್ಮಜ್ಜಿಯೂ ಹೋಗಿ ಒಂದು ಪೊಟ್ಟಣ ತಂದು ನನ್ನ ಹಣೆಗೆ ಹಚ್ಚಿದ್ದರು. "ನಿನ್ ವಯಸ್ನೋನೆ ಕಣ್ಲಾ, ಅವ್ನ್ ನೋಡು, ನೀನ್ ನೋಡು!" ಅಂತ ಬೈಗುಳ ಬೇರೆ. 1976ರ ಜುಲೈನಲ್ಲಿ ಎಚ್ಚೆನ್ ಅವರ ಸಮಿತಿಯವರು ಮುಂಚೆ ತಿಳಿಸದೆ ಹೋಗಿ ನೋಡಿದಾಗ ವಿಭೂತಿ ಬರುತ್ತಿದ್ದದ್ದು ಹುಡುಗನ ಬನಿಯನ್ನಿನೊಳಗಿಂದ. ಮುಂಚೆ ತಿಳಿಸದೆ... ಅದೇ ನಮ್ಮ ಬೆಳಗಿನ ಕ್ಯಾಶ್ ವೆರಿಫಿಕೇಷನ್ನು.

ಅಪ್ಪ ಪೇಪರಿನ ಸುದ್ದಿ ಓದಿ ಹೇಳಿದಾಗ ಅಜ್ಜಿ, "ಸುಮ್ಕಿರ್ಲಾ, ಓದ್ದೋರ್ಗೆ ಎಲ್ಲಾ ಅನುಮಾನವೇ" ಅಂದರು. ಅವರನ್ನು ನಾನು ದೂರುವುದಿಲ್ಲ. ಅವರು ಕಳೆದುಕೊಂಡದ್ದು ಬಸ್ ಚಾರ್ಜು. ದೂರಬೇಕಾದ್ದು ಏಳು ವರ್ಷದ ಮಗುವಿನ ಬನಿಯನ್ನಿಗೆ ಪೊಟ್ಟಣ ಸಿಕ್ಕಿಸಿದ ಕೈಗಳನ್ನು. ಆ ಹುಡುಗನಿಗೆ ಆಮೇಲೆ ಏನಾಯಿತು ಅಂತ ನನಗೆ ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ.

ಎಚ್ಚೆನ್ ಅವರ ಮೇಲೆ ಏನೇನು ಬೈಗುಳ ಬಂತು ಅಂತ ಅವರ ಆತ್ಮಕಥೆ 'ಹೋರಾಟದ ಹಾದಿ' ಓದಿ. 1977ರಲ್ಲಿ ಅವರ ಅವಧಿ ಮುಗಿಯಿತು, ಸಮಿತಿಯೂ ನಿಂತಿತು. ಅದೇ ಹೊತ್ತಿನಲ್ಲಿ, 1976ರ 42ನೇ ತಿದ್ದುಪಡಿಯಲ್ಲಿ, ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ ಅಂತ ಸಂವಿಧಾನದಲ್ಲಿ ಸೇರಿತು, 51ಎ ವಿಧಿ. ಕರ್ತವ್ಯ ಪುಸ್ತಕಕ್ಕೆ ಬಂತು. ಅದನ್ನು ನಡೆಸಿ ತೋರಿಸಿದ ಸಮಿತಿಯನ್ನು ಮುಂದುವರಿಸಲು ಮತ್ತೊಬ್ಬ ಕುಲಪತಿ ಬರಲಿಲ್ಲ.

ನಮ್ಮ ಈ ತಮಿಳುನಾಡಿನಲ್ಲೂ ಅಂಥ ಕೆಲಸ ಮಾಡಿದವರಿದ್ದರು. ಕೊಯಮತ್ತೂರಿನ ಹತ್ತಿರದ ಪೋದನೂರಿನಲ್ಲಿದ್ದ ಬಿ. ಪ್ರೇಮಾನಂದ್ ಹಳ್ಳಿ ಹಳ್ಳಿ ತಿರುಗಿ ಬಾಬಾಗಳ ಕೈಚಳಕವನ್ನು ತಾವೇ ಮಾಡಿ ತೋರಿಸಿ, ಆಮೇಲೆ ಗುಟ್ಟನ್ನೂ ಹೇಳಿಕೊಡುತ್ತಿದ್ದರು. 2009ರಲ್ಲಿ ತೀರಿಕೊಂಡರು. ಅವರಿಗಿಂತ ಮುಂಚೆ ತಿರುವಲ್ಲದಲ್ಲಿ ಹುಟ್ಟಿ ಶ್ರೀಲಂಕಾದಲ್ಲಿ ನೆಲೆಸಿದ್ದ ಅಬ್ರಹಾಂ ಕೋವೂರ್, ಮೋಸಕ್ಕೆ ಅವಕಾಶವಿಲ್ಲದ ಕಡೆ ಪವಾಡ ಮಾಡಿ ತೋರಿಸಿದರೆ ಒಂದು ಲಕ್ಷ ರೂಪಾಯಿ ಅಂತ ಬಹುಮಾನ ಇಟ್ಟಿದ್ದರು. 1978ರಲ್ಲಿ ಸಾಯುವವರೆಗೂ ಆ ಲಕ್ಷ ಅವರ ಹತ್ತಿರವೇ ಉಳಿಯಿತು. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಅನ್‌ಕ್ಲೇಮ್ಡ್ ಡೆಪಾಸಿಟ್ಟು.

ಇವರ ಆಟಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಅರಿಶಿನ ಸುಣ್ಣದ್ದು. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ. ನಮ್ಮ ಹೆಣ್ಣುಮಕ್ಕಳಿಗೆಲ್ಲಾ ಗೊತ್ತು, ಮದುವೆ ಮನೆಯ ಕೆಂಪಾರತಿ ಅದೇ. ಯಾರೂ ಅದನ್ನು ರಕ್ತ ಅಂತ ಹೇಳಿ ದುಡ್ಡು ಕೇಳುವುದಿಲ್ಲ. ಅದನ್ನೇ ಮಂತ್ರವಾದಿ ನಿಂಬೆಹಣ್ಣು, ಕಪ್ಪು ದಾರ ಎಲ್ಲ ಹರಡಿಕೊಂಡು, ಯಾರೋ ನಿಮಗೆ ಮಾಟ ಮಾಡಿಸಿದ್ದಾರೆ ನೋಡಿ, ನೀರು ರಕ್ತವಾಯಿತು ಅನ್ನುತ್ತಾನೆ. ಇನ್ನು ಲಂಚದ ಕೇಸಿನ ಟ್ರ್ಯಾಪ್ ನೆನಪಿಸಿಕೊಳ್ಳಿ. ನೋಟಿಗೆ ಫಿನಾಫ್ತಲೀನ್ ಪುಡಿ ಸವರಿ ಕೊಡುತ್ತಾರೆ, ತೆಗೆದುಕೊಂಡವನ ಬೆರಳನ್ನು ಸೋಡಾ ನೀರಿನಲ್ಲಿ ಅದ್ದಿಸಿದರೆ ನೀರು ಗುಲಾಬಿಯಾಗುತ್ತದೆ. ಅದೂ ಇದೂ ಒಂದೇ ಜಾತಿಯ ರಸಾಯನ, ಕ್ಷಾರ ತಗುಲಿದರೆ ಬಣ್ಣ ಬದಲು. ಮದುವೆ ಮನೆಯಲ್ಲಿ ಅದು ಮಂಗಳ, ಕೋರ್ಟಿನಲ್ಲಿ ಸಾಕ್ಷಿ, ಮಂತ್ರವಾದಿಯ ಕೈಯಲ್ಲಿ ಹೆದರಿಕೆ. ಕೋರ್ಟಿನಲ್ಲಿ ಮಾತ್ರ ಎದುರು ಪಕ್ಷದ ವಕೀಲ ಎದ್ದು "ಆ ಪುಡಿ ಯಾರು ತಂದರು, ಬಾಟಲಿ ಯಾರು ಸೀಲ್ ಮಾಡಿದರು?" ಅಂತ ಕೇಳಬಹುದು. ವಿಜ್ಞಾನಕ್ಕೂ ಮಾಟಕ್ಕೂ ಇರುವ ವ್ಯತ್ಯಾಸ ನನ್ನಂಥ ಬಿಕಾಂನವನಿಗೆ ಅರ್ಥವಾಗಿರುವುದು ಇಷ್ಟೇ. ಬಣ್ಣ ಎರಡು ಕಡೆಯೂ ಬರುತ್ತದೆ, ಬಾಟಲಿ ಯಾರದು ಅಂತ ಕೇಳಲು ಒಂದು ಕಡೆ ಮಾತ್ರ ಬಿಡುತ್ತಾರೆ.

ಹಾಗಂತ ಓದಿದವರ ತಲೆಯಲ್ಲಿ ಎರಡೂ ಒಟ್ಟಿಗೆ ಇರುವುದಿಲ್ಲ ಅಂತಲ್ಲ. ನ್ಯೂಟನ್‌ಗಿಂತ ದೊಡ್ಡ ವಿಜ್ಞಾನಿ ಬೇಕೇ? ಲೋಹವನ್ನು ಚಿನ್ನ ಮಾಡುವ ರಸವಿದ್ಯೆಯ ಬಗ್ಗೆ ಆತ ರಾಶಿ ರಾಶಿ ಬರೆದಿಟ್ಟಿದ್ದ. 1936ರಲ್ಲಿ ಆ ಕಾಗದಗಳು ಲಂಡನ್ನಿನಲ್ಲಿ ಹರಾಜಿಗೆ ಬಂದಾಗ ಬಹಳಷ್ಟನ್ನು ಕೊಂಡು ಕೂಡಿಟ್ಟವನು, ನಾವು ಬಿಕಾಂನಲ್ಲಿ ಓದಿದ ಅದೇ ಕೇನ್ಸ್! ಓದಿನೋಡಿ, ಈತ ವಿಚಾರಯುಗದ ಮೊದಲಿಗನಲ್ಲ, ಮಾಂತ್ರಿಕರಲ್ಲಿ ಕಡೆಯವನು ಎಂಬ ಅರ್ಥದ ಮಾತು ಬರೆದ. ಟಂಕಸಾಲೆಯ ಮುಖ್ಯಸ್ಥನಾಗಿದ್ದ ಅದೇ ನ್ಯೂಟನ್ 1720ರ ಸೌತ್ ಸೀ ಕಂಪನಿಯ ಷೇರಿನಲ್ಲಿ ಭಾರೀ ದುಡ್ಡು ಕಳೆದುಕೊಂಡ. ಇದನ್ನು ಭಾಮೈದನಿಗೆ ಹೇಳಿದೆ, ಸ್ವಲ್ಪ ಸಮಾಧಾನವಾಗಲಿ ಅಂತ. ಆಗಲಿಲ್ಲ. ಆದರೂ ನೋಡಿ, ನ್ಯೂಟನ್‌ನ ಗುರುತ್ವದ ಲೆಕ್ಕವನ್ನು ಬೇರೆಯವರು ಪರೀಕ್ಷೆ ಮಾಡಿದರು, ಅದು ಉಳಿಯಿತು. ರಸವಿದ್ಯೆಯ ಕಾಗದ ಪೆಟ್ಟಿಗೆಯಲ್ಲೇ ಉಳಿಯಿತು. ಮನುಷ್ಯ ಅದೇ, ಬುದ್ಧಿ ಅದೇ.

ಈಗಿನ ಮಾಟ ವಿಜ್ಞಾನದ ಎದುರು ನಿಂತು ಜಗಳವಾಡುವುದನ್ನು ಬಿಟ್ಟಿದೆ, ವಿಜ್ಞಾನದ ಕೋಟು ಬಾಡಿಗೆಗೆ ತಂದು ಹಾಕಿಕೊಂಡಿದೆ. 2018ರಲ್ಲಿ ದೆಹಲಿ ಪೊಲೀಸರು ಒಬ್ಬ ತಂದೆ ಮಗನನ್ನು ಹಿಡಿದರು. ಇದೇ ಅಕ್ಕಿ ಎಳೆಯುವ ಚೊಂಬು, ನಾಸಾ ಕೊಳ್ಳುತ್ತದೆ ಅಂತ ಹೇಳಿ, ವಿಕಿರಣ ತಡೆಯುವ ಬಟ್ಟೆ ಅಂತ ಬೆಳ್ಳಗೆ ಹೊಳೆಯುವ ಅಂಗಿ ಹಾಕಿಕೊಂಡು ಪರೀಕ್ಷೆಯ ನಾಟಕವಾಡಿ, ಒಬ್ಬ ವ್ಯಾಪಾರಿಯಿಂದ ಕೋಟಿಗೂ ಮಿಕ್ಕಿ ಕಿತ್ತಿದ್ದರು. ಕಾವಿ ಇಲ್ಲ, ತಲೆಬುರುಡೆ ಇಲ್ಲ, ಲ್ಯಾಬ್ ಕೋಟು! 2025ರಲ್ಲಿ ನಮ್ಮ ತಮಿಳುನಾಡಿನ ಸಿಬಿಸಿಐಡಿಯವರು ಇರಿಡಿಯಂ ಹೆಸರಿನ ದೊಡ್ಡ ಮೋಸದಲ್ಲಿ ಹಲವರನ್ನು ಬಂಧಿಸಿದರು. ಅಲ್ಲಿ ಬಳಸಿದ್ದು ರಿಸರ್ವ್ ಬ್ಯಾಂಕಿನ ಹೆಸರು. ಇರಿಡಿಯಂ ಮಾರಿದ ಹಣ ವಿದೇಶದಿಂದ ಬಂದಿದೆ, ಬಿಡಿಸಿಕೊಳ್ಳಲು ಫೀಸು ಕಟ್ಟಿ ಅನ್ನುವ ಕಾಗದ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಮಂತ್ರದ ಜಾಗದಲ್ಲಿ ನಮ್ಮ ಲೆಟರ್‌ಹೆಡ್ ಬಂದು ಕೂತಿದೆ. ಜನ ಅದನ್ನು ನಂಬುವುದು ಮಂತ್ರವನ್ನು ನಂಬಿದ ಹಾಗೆಯೇ, ಅರ್ಥವಾಗದಿದ್ದರೂ ಕಣ್ಣಿಗೆ ಒತ್ತಿಕೊಂಡು.

ರಾಕೆಟ್ ಹಾರಿಸುವ ಮುಂಚೆ ಅದರ ಮಾದರಿಯನ್ನು ತಿರುಪತಿಗೆ ತೆಗೆದುಕೊಂಡು ಹೋಗುತ್ತಾರಲ್ಲ, ಅದಕ್ಕೇನಂತೀರಿ ಅಂತ ಪ್ರೊಫೆಸರು ಕೇಳಿದರು. ಅದರಿಂದ ನನಗೆ ತಕರಾರಿಲ್ಲ. ನಾನೂ ದೇವಸ್ಥಾನಕ್ಕೆ ಹೋಗುವವನೇ, ಪೋರೂರಿನ ರಾಮನಾಥೀಶ್ವರನ ಗುಡಿಯಲ್ಲಿ ಪ್ರದೋಷಕ್ಕೆ ನನ್ನನ್ನು ನೋಡಿದವರು ಈ ಓದುಗರಲ್ಲೇ ಇದ್ದಾರೆ. ನಮ್ಮ ಬ್ರಾಂಚಿನಲ್ಲಿ ಆಯುಧಪೂಜೆಗೆ ನೋಟು ಎಣಿಸುವ ಮೆಷಿನ್ನಿಗೆ ಕುಂಕುಮ ಇಡುತ್ತೇವೆ, ರಾಹುಕಾಲದಲ್ಲಿ ಲಾಕರ್ ತೆರೆಯಲು ಯಾರೂ ಬರುವುದಿಲ್ಲ, ಆಡಿ ಮಾಸದಲ್ಲಿ ಮನೆ ಸಾಲದ ಫೈಲು ಮಲಗಿರುತ್ತದೆ. ಮನೆಯಾಕೆಯ ಸ್ಕೂಟಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದು ನಾನೇ. ಆದರೆ ಕುಂಕುಮ ಇಟ್ಟೆವು ಅಂತ ನೋಟು ಎಣಿಸುವುದನ್ನು ಬಿಟ್ಟಿದ್ದೇವೆಯೇ? ತಿರುಪತಿಗೆ ಹೋಗಿ ಬಂದವರು ಇಂಧನದ ವಾಲ್ವ್ ಪರೀಕ್ಷೆ ಬಿಡುತ್ತಾರೆಯೇ? ಸೋರಿದರೆ ಕೌಂಟ್‌ಡೌನ್ ನಿಲ್ಲಿಸುತ್ತಾರೆ. ಪ್ರಾರ್ಥನೆ ಲೆಡ್ಜರಿನ ಅಂಚಿನಲ್ಲಿ ಬರೆದ ಶ್ರೀಕಾರ. ಅದು ಜಮಾ ಕಾಲಮ್ಮಿಗೆ ಇಳಿದ ದಿನ ಅದಕ್ಕೆ ವೋಚರ್ ಕೇಳಲೇಬೇಕು.

ಕಾನೂನು ಇಲ್ಲವೇ ಅಂದರೆ ಇದೆ. ಮಂತ್ರ ತಂತ್ರದಿಂದ ರೋಗ ವಾಸಿ ಅಂತ ಜಾಹೀರಾತು ಕೊಡುವುದನ್ನು ತಡೆಯುವ ಕಾಯ್ದೆ 1954ರದ್ದು. ಮಹಾರಾಷ್ಟ್ರದಲ್ಲಿ 2013ರಲ್ಲಿ ಬಂತು, ಅದಕ್ಕಾಗಿ ವರ್ಷಗಟ್ಟಲೆ ಓಡಾಡಿದ ನರೇಂದ್ರ ದಾಭೋಲ್ಕರ್ ಅವರನ್ನು ಆ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಟ್ಟು ಕೊಂದ ಮೇಲೆ. ನಮ್ಮ ಕರ್ನಾಟಕದಲ್ಲಿ ವಾಮಾಚಾರ ತಡೆಯುವ ಕಾಯ್ದೆ 2017ರಲ್ಲಿ ಪಾಸಾಗಿ 2020ರಲ್ಲಿ ಜಾರಿಗೆ ಬಂತು. ಅದಕ್ಕೂ ಎರಡು ವರ್ಷ ಮುಂಚೆ, 2015ರ ಆಗಸ್ಟ್ 30ರಂದು, ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆ ಬಾಗಿಲಲ್ಲೇ ಕೊಂದರು. ಪ್ರಶ್ನೆ ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ ಅನ್ನುವ ನಮ್ಮ ಹುಡುಗನ ಅಂಜಿಕೆ ಎಲ್ಲಿಯವರೆಗೆ ಹೋಗುತ್ತದೆ ನೋಡಿ.

ಪ್ರಶ್ನೆ ಕೇಳುವವರು ಇಲ್ಲವೇ ಇಲ್ಲ ಅಂತಲ್ಲ. 2024ರಲ್ಲಿ ಇಲ್ಲೇ ಚೆನ್ನೈಯ ಒಂದು ಸರ್ಕಾರಿ ಶಾಲೆಯಲ್ಲಿ ಭಾಷಣಕಾರರೊಬ್ಬರು ಅಂಗವೈಕಲ್ಯ, ಬಡತನ ಎಲ್ಲಾ ಹಿಂದಿನ ಜನ್ಮದ ಪಾಪದ ಫಲ ಅನ್ನುವಂತೆ ಮಾತಾಡಿದರು. ಎದ್ದು ನಿಂತು ತಡೆದವರು ಕಣ್ಣು ಕಾಣದ ಒಬ್ಬ ಮೇಷ್ಟ್ರು. ಊರೆಲ್ಲಾ ಆ ವಿಡಿಯೋ ನೋಡಿತು. ನಾನೂ ನೋಡಿ, ಭೇಷ್ ಅಂದು, ಹತ್ತು ಜನಕ್ಕೆ ಕಳಿಸಿದೆ. ಎರಡು ತಿಂಗಳ ಮೇಲೆ ಭಾಮೈದನ ವಿಡಿಯೋ ಬಂದಾಗ ಬಾಯಿ ಮುಚ್ಚಿಕೊಂಡು ಎಫ್‌ಡಿ ಮುರಿದೆ. ಇನ್ನೊಬ್ಬರ ಮೂಢನಂಬಿಕೆ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ!

1995ರ ಸೆಪ್ಟೆಂಬರ್ 21, ಗಣಪತಿ ಹಾಲು ಕುಡಿದ ದಿನ, ನಾನು ಮದ್ರಾಸಿಗೆ ಬಂದು ಒಂದು ವರ್ಷವಾಗಿತ್ತಷ್ಟೆ. ಬ್ರಾಂಚು ಅರ್ಧ ಖಾಲಿ, ಎಲ್ಲರೂ ಚಮಚ ಹಿಡಿದು ಕ್ಯೂನಲ್ಲಿ. ವಿಜ್ಞಾನಿಗಳು ಹಾಲಿಗೆ ಬಣ್ಣ ಸೇರಿಸಿ, ಅದು ತೆಳುವಾಗಿ ಮೂರ್ತಿಯ ಮೈಮೇಲೇ ಇಳಿದು ಹೋಗುತ್ತದೆ ಅಂತ ತೋರಿಸಿದರು. ಆಗ ನಾವು ನಕ್ಕೆವು, ಅರ್ಧ ಲೀಟರ್ ಹಾಲಿನ ವಿಷಯ, ಹೋದರೆ ಹೋಗಲಿ ಅಂದೆವು. ಆ ಧಾರಾಳತನದ ಬಗ್ಗೆ ಈಗ ನನಗೆ ಅನುಮಾನ. ಯಾರಿಗೂ ನೋವಾಗದಂಥ ಸಣ್ಣ ಸಂಗತಿಯಲ್ಲಿ ಬಾಟಲಿ ಯಾರದು ಅಂತ ಕೇಳಿ ಅಭ್ಯಾಸವಿಲ್ಲದವನಿಗೆ ಹದಿನಾಲ್ಕು ಲಕ್ಷದ ದಿನ ನಾಲಿಗೆ ಏಳುವುದಿಲ್ಲ.

ಸರಿ, ಉದ್ದವಾಯಿತು. ಕಡೆಯದಾಗಿ ಒಂದಿಷ್ಟು ಕೆಲಸದ ಮಾತು. ಹಣವನ್ನು ಅವನು ಐದು ಕಂತಿನಲ್ಲಿ, ಮೂರು ಬೇರೆ ಬೇರೆ ಖಾತೆಗೆ ಹಾಕಿದ್ದಾನೆ. ಪುಣ್ಯಕ್ಕೆ ಒಂದು ಕಂತು ಬಿಟ್ಟರೆ ಉಳಿದದ್ದು ಬ್ಯಾಂಕಿನ ಮೂಲಕವೇ ಹೋಗಿದೆ, ಸ್ಟೇಟ್‌ಮೆಂಟ್ ಇದೆ. ನಾನು ಎಲ್ಲವನ್ನೂ ತಾರೀಖಿನ ಪ್ರಕಾರ ಒಂದು ಹಾಳೆಯಲ್ಲಿ ಬರೆದುಕೊಟ್ಟೆ, ಪಕ್ಕದ ಮನೆಯವರು ತಮಿಳಿನಲ್ಲಿ ದೂರು ಬರೆದುಕೊಟ್ಟರು. ನಿಮ್ಮ ಕಡೆಯೂ ಯಾರಾದರೂ ಇಂಥ ಚೊಂಬು ತಂದರೆ ಖಾತೆ ನಂಬರ್ ಗುರುತಿಟ್ಟುಕೊಳ್ಳಿ. ಹಣ ಹೋದ ಗಂಟೆಯಲ್ಲೇ 1930ಕ್ಕೆ ಫೋನ್ ಮಾಡಿದರೆ ಕೆಲವೊಮ್ಮೆ ಖಾತೆಯಲ್ಲೇ ತಡೆಹಿಡಿಯಬಹುದು. ನಮಗೆ ತಡವಾಗಿತ್ತು.

ಮೊನ್ನೆ ಶನಿವಾರ ಎರಡನೇ ಸಲ ಸ್ಟೇಷನ್ನಿಗೆ ಹೋಗಿದ್ದೆವು. ಇವನು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಇಡೀ ದಾರಿ ಹೊರಗೆ ನೋಡುತ್ತಿದ್ದ. ಬರುವಾಗ ಪೋರೂರು ಜಂಕ್ಷನ್ ಹತ್ತಿರ ಇಳಿದು ಕಾಫಿ ಕುಡಿದೆವು. "ಭಾವ, ಅಮ್ಮಂಗೆ ಗದ್ದೆ ವಿಷ್ಯ ಇನ್ನೂ ಹೇಳಿಲ್ಲ" ಅಂದ. ಒಡವೆಯದು ಮಾತ್ರ ಹೇಳಿದ್ದಾನಂತೆ. ನೀವೇ ಹೇಳಿ ಅಂತ ಕೇಳುತ್ತಿದ್ದಾನೆ. ಶ್ರಾವಣಕ್ಕೆ ಊರಿಗೆ ಹೋಗಬೇಕು, ಆಗ ಹೇಳಬೇಕು. ನಮ್ಮತ್ತೆ ಏನು ಕೇಳುತ್ತಾರೆ ಅಂತ ನನಗೆ ಈಗಲೇ ಗೊತ್ತು.